ನಕಲು ಶೆಡ್ಡಿನ ಎರಡು ಕಾರುಗಳು

ಬೀದಿಯಲ್ಲಿ ನಿಂತು ಒಬ್ಬರ ಮಾನ ಕಳೆದು, ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅವರಲ್ಲಿ ಕ್ಷಮೆ ಕೇಳಿದವರು ನೀವಲ್ಲವೆ? ಮುಖ ತಿರುಗಿಸಬೇಡಿ. ನಾನು ಮೂವತ್ತೆಂಟು ವರ್ಷ ಕನ್ನಡ ಕಲಿಸಿದವಳು. ಕೊನೆಯ ಬೆಂಚಿನಲ್ಲಿ ಪುಸ್ತಕ ಅಡ್ಡ ಹಿಡಿದು ಕೂತವರ ಮುಖವೂ ನನಗೆ ಕಾಣುತ್ತದೆ. ಅಂಥ ಕ್ಷಮೆಯನ್ನು ನಾನೂ ಒಮ್ಮೆ ಕೇಳಿದ್ದೆ. ಕೇಳಿ, ಹಗುರಾಗಿ ಮನೆಗೆ ಬಂದು, ಅನ್ನ ಸಾರು ಉಂಡು, ಚೆನ್ನಾಗಿ ನಿದ್ದೆ ಮಾಡಿದ್ದೆ. ಆದ್ದರಿಂದ ಈ ಪ್ರಶ್ನೆ ಕೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಊರಿನಲ್ಲಿ ಬಯಲಲ್ಲಿ ಆಡಿದ ಮಾತು ಪ್ರತಿಯೊಂದು ಕಿವಿಗೂ, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಸೂರಿನ ಕೆಳಗೆ ಆಡಿದ್ದು ಸೂರಿನ ಕೆಳಗೇ ಉಳಿಯುತ್ತದೆ. ಹಾಗಾಗಿ ನಮ್ಮವರು ಬೀದಿಯಲ್ಲಿ ಮೌನಿಗಳು, ಜಗಲಿಯಲ್ಲಿ ವಾಚಾಳಿಗಳು. ಬಿಸಿಲಿರಲಿ, ಮೋಡವಿರಲಿ, ಎಲ್ಲರ ಕೈಯಲ್ಲೂ ಕೊಡೆಯಿರುತ್ತದೆ. ಇಬ್ಬರು ಒಂದೇ ಕೊಡೆಯ ಕೆಳಗೆ ತಲೆ ತೂರಿಸಿದರೆ ಮೂರನೆಯವನು ತಾನಾಗಿ ದೂರ ಸರಿಯುತ್ತಾನೆ. ಮಜ್ಜಿಗೆ ಮಾರುವ ಸಿದ್ದಮ್ಮ ಬೆಳಿಗ್ಗೆ ಒಂದೇ ಸಲ "ಸಿದ್ದಮ್ಮ ಬಂದೆ" ಎನ್ನುತ್ತಾಳೆ; ಎರಡನೆಯ ಸಲ ಕೂಗುವ ಅಗತ್ಯ ಅವಳಿಗಿಲ್ಲ. ದಾರಿಯಲ್ಲಿ ಜಗಳ ಹತ್ತಿದ ಗಂಡ ಹೆಂಡಿರು ಬಾಯಿ ಒತ್ತಿ ಹಿಡಿದುಕೊಂಡು ಮನೆಯತ್ತ ಓಡುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಹೊಸಿಲು ದಾಟುವಷ್ಟರಲ್ಲಿ ಜಗಳ ಏತಕ್ಕೆಂಬುದೇ ಮರೆತುಹೋಗಿರುತ್ತದೆ. ಬಯಲಿನಲ್ಲಿ ಮಾತಾಡುವವರು ಮೊದಲು ತಮ್ಮ ಹೆಸರು ಹೇಳಬೇಕು. ಹೆಸರಿಲ್ಲದ ಮಾತನ್ನು ನಾವು ಕಾಗೆಯ ಕೂಗೆಂದು ಬಿಟ್ಟುಬಿಡುತ್ತೇವೆ. ತೂಕದ ಮಾತು ಕೇಳಿಬಂದರೆ ಬೀದಿಯಲ್ಲಿರುವವರು ನಿಂತಲ್ಲೇ ಕೊಡೆ ಮಡಚುತ್ತಾರೆ; ಒಪ್ಪಿದೆವು ಎಂದು ಅದರ ಅರ್ಥ. ಈ ಪದ್ಧತಿಯ ಬಗ್ಗೆ ನನಗೆ ಹೆಮ್ಮೆಯಿತ್ತು, ಈಗಲೂ ಇದೆ. ಬಯಲು ಎಂಬ ಪದಕ್ಕೆ ನಿಘಂಟು ಕೊಡುವ ಅರ್ಥಗಳೆಲ್ಲ ಒಂದೇ ಆಗಿರುವ ಊರು ಇನ್ನೆಲ್ಲಿದೆ?

ಶಾಲೆಗೆ ಐವತ್ತು ವರ್ಷ ತುಂಬಿದಾಗ ಹಳೆಯ ವಿದ್ಯಾರ್ಥಿಗಳು ಸೇರಿ ನನಗೊಂದು ಕಾರು ಕೊಡುವುದೆಂದು ತೀರ್ಮಾನಿಸಿದರು. ಅದೂ ಸ್ಪೋರ್ಟ್ಸ್ ಕಾರು. ಅರವತ್ತೊಂದು ವರ್ಷದ ಹೆಂಗಸಿಗೆ ಅದೇಕೆ ಎಂದು ಕೇಳುವವರು ನನ್ನ ತರಗತಿಯಲ್ಲಿ ಕೂತವರಲ್ಲ. ಏಳನೆಯ ತರಗತಿಗೆ ನಾನು ಪ್ರತಿ ವರ್ಷ ತಪ್ಪದೆ ಕೊಡುತ್ತಿದ್ದ ಪ್ರಬಂಧ "ನಾನು ಕಾರು ಕೊಂಡರೆ". ಬರೆದು ಮುಗಿಸಿದ ಮಕ್ಕಳು ನನ್ನನ್ನು ತಿರುಗಿ ಕೇಳುತ್ತಿದ್ದರು, ಟೀಚರ್, ನೀವು ಯಾವ ಕಾರು ಕೊಳ್ಳುತ್ತೀರಿ ಎಂದು. "ಎಲ್ಲಕ್ಕಿಂತ ಜೋರಾಗಿ ಓಡುವುದು. ನಿಮ್ಮ ಹಾಗೆ ತಡವಾಗಿ ಬರುವವಳಲ್ಲ ನಾನು" ಎನ್ನುತ್ತಿದ್ದೆ. ಆ ಮಾತನ್ನು ನೆನಪಿಟ್ಟುಕೊಂಡಿದ್ದರು. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಶಾಲೆಯ ವ್ಯಾನಿನಲ್ಲಿ ಡ್ರೈವಿಂಗ್ ಕಲಿತದ್ದೂ ಅವರಿಗೆ ನೆನಪಿತ್ತು. ಶಿಕ್ಷಕಿಯೊಬ್ಬಳಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು?

ಸುದ್ದಿ ತಂದವನು ಫಾಲಾಕ್ಷ. ಹಳೆಯ ವಿದ್ಯಾರ್ಥಿಗಳ ಸಮಿತಿಯ ಕಾರ್ಯದರ್ಶಿ, ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿಯಿಟ್ಟವನು, ಏಳನೆಯ ತರಗತಿಯಲ್ಲಿ ವಿಭಕ್ತಿ ಪ್ರತ್ಯಯ ಬಾರದೆ ಅತ್ತವನು. ನನ್ನ ಜಗಲಿಗೆ ಬಂದು, ಸೂರಂಚಿನ ಗೆರೆ ದಾಟಿದ್ದೇನೆಯೆ ಎಂದು ಕಾಲ ಬಳಿ ನೋಡಿಕೊಂಡು, ಬಾಯಿ ತೆರೆದ.

"ಟೀಚರ್, ಎರಡು ಕಾರಿದೆ. ಎರಡಕ್ಕೂ ಇಂಜಿನ್ ಒಂದೇ, ಓಟ ಒಂದೇ. ಒಂದು ಕೂಪೆ, ಮೇಲೆ ಗಟ್ಟಿ ತಗಡಿನ ಟಾಪು. ಇನ್ನೊಂದು ಕನ್ವರ್ಟಿಬಲ್ಲು, ಟಾಪು ಬಟ್ಟೇದು, ಮಡಚಿ ಹಿಂದಕ್ಕೆ ಹಾಕ್ಬಹುದು. ನೀವು ಬಂದು ನೋಡಿ ಒಂದು ಆರಿಸ್ಕೊಳ್ಳಿ. ಆರಿಸೋಕೇನಿದೆ ಬಿಡಿ. ಈ ಊರಲ್ಲಿ ಟಾಪಿಲ್ಲದ ಕಾರು ಯಾರಿಗೆ ಬೇಕು? ಅಡ್ಡ ಬಂದ ಎಮ್ಮೆಗೆ ಬೈದ್ರೂ ಊರಿಗೆಲ್ಲ ಕೇಳ್ಸುತ್ತೆ."

"ನಾನು ಎಮ್ಮೆಗೆ ಬೈಯುವವಳಲ್ಲ."

"ಎಮ್ಮೆಗೆ ಬೈಯಲ್ಲ, ಗೊತ್ತು. ನಮಗೆ ಅಂತಿದ್ರಲ್ಲ ಎಮ್ಮೆ ಅಂತ" ಎಂದು ನಕ್ಕ.

ಕಾರು ಎಲ್ಲಿದೆ ಎಂದು ಕೇಳಿದೆ. "ನಕಲು ಶೆಡ್ಡಲ್ಲಿ ಟೀಚರ್" ಎಂದ, ಬಾಳೆಹಣ್ಣು ಬುಟ್ಟಿಯಲ್ಲಿದೆ ಎನ್ನುವಷ್ಟು ಸಹಜವಾಗಿ. "ಅವಳು ಯಾವುದೋ ಗುಜರಿಯಿಂದ ತುಕ್ಕು ಹಿಡಿದ ಎರಡು ಗಾಡಿ ತಂದು ಮೂರು ವರ್ಷ ಕೂತು ಕಟ್ಟಿದಾಳೆ. ಕೆಲಸ ಚೆನ್ನಾಗೇ ಇದೆ, ಸುಳ್ಳು ಹೇಳ್ಬಾರದು. ಎರಡರ ಹಿಂದ್ಗಡೆನೂ ಹಿತ್ತಾಳೆ ತಗಡಲ್ಲಿ ತನ್ನ ಹೆಸರು ಕೊರೆದು ಹೊಡೆದಿದಾಳೆ, ಅದೊಂದನ್ನ ನಾಳೆ ತೆಗೆಸಿಬಿಡ್ತೀವಿ. ಸಮಾರಂಭದ ದಿನ ನೋಡಿದವರು, ಟೀಚರಿಗೆ ನಕಲಿ ಕಾರು ಕೊಟ್ರು ಅಂತ ಆಡ್ಕೋಬಾರದಲ್ಲ."

ನಕಲು ಶೆಡ್ಡು. ಆ ಹೆಸರನ್ನು ಊರಿಗೆ ಕೊಟ್ಟವಳು ನಾನು.

ಇಪ್ಪತ್ತೊಂಬತ್ತು ವರ್ಷದ ಹಿಂದೆ, ಜೀಪುಗಳಿಗೆ ತಗಡಿನ ಕೆಲಸ ಮಾಡುತ್ತಿದ್ದ ವೀರಭದ್ರಾಚಾರಿಯ ಮಗಳು ಇಂದುಮತಿ ಅದೇ ಕಾರಿನ ಪ್ರಬಂಧ ಬರೆದಳು. ಉಳಿದ ಮಕ್ಕಳು ಕಾರಿನ ಬಣ್ಣ ಬರೆದಿದ್ದರು, ಹಾರನ್ನು ಬರೆದಿದ್ದರು. ಇವಳ ಪ್ರಬಂಧದ ನಡುವೆ ಒಂದು ವಾಕ್ಯವಿತ್ತು: "ಸೂರು ಮಡಚಿದ ಕಾರು, ರುಮಾಲು ಕಳಚಿ ಕೈಯಲ್ಲಿ ಹಿಡಿದ ದೊಡ್ಡ ಮನುಷ್ಯನಂತೆ ಚಿಕ್ಕವರಿಗೂ ಮುಖ ತೋರಿಸುತ್ತದೆ." ಓದಿ ನನ್ನ ಮೈ ಉರಿಯಿತು. ಹನ್ನೆರಡು ವರ್ಷದ, ಉಗುರಿನಲ್ಲಿ ಗ್ರೀಸ್ ಮೆತ್ತಿಕೊಂಡ ಹುಡುಗಿಗೆ ಈ ವಾಕ್ಯ ಬರಲು ಸಾಧ್ಯವೆ? ಮಾರನೆಯ ದಿನ ಪ್ರಾರ್ಥನೆಗೆ ಎಲ್ಲರೂ ಮೈದಾನದಲ್ಲಿ ಸಾಲುಗಟ್ಟಿ ನಿಂತಾಗ, ನೀಲಿ ಆಕಾಶದ ಕೆಳಗೆ, ನನ್ನ ಹೆಸರು ಹೇಳಿ, ಅವಳ ಹೆಸರು ಹೇಳಿ, "ಇದು ನಕಲು ಮಾಡಿದ ವಾಕ್ಯ. ಕದ್ದ ಮಾತಿನಿಂದ ದೊಡ್ಡವರಾಗಲು ಬರುವುದಿಲ್ಲ" ಎಂದೆ. ಊರೆಲ್ಲ ಕೇಳಿಸಿಕೊಂಡಿತು. ಬೀದಿಗಳಲ್ಲಿ ಕೊಡೆಗಳು ಮಡಚಿಕೊಂಡವು. ಅಂದು ನನಗಾದ ಹೆಮ್ಮೆಯನ್ನು ನೆನೆದರೆ ಈಗ ನಾಲಿಗೆ ಕಹಿಯಾಗುತ್ತದೆ.

ಕದ್ದದ್ದು ಎಲ್ಲಿಂದ ಎಂದು ಸಾಬೀತು ಮಾಡುವುದು ಧರ್ಮವೆನಿಸಿ ಬೇಸಿಗೆ ರಜೆ ಪೂರ್ತಿ ವಾಚನಾಲಯದಲ್ಲಿ ಕೂತೆ. ಹಳೆಯ ಪತ್ರಿಕೆಗಳು, ಮಕ್ಕಳ ಪುಸ್ತಕಗಳು, ದೀಪಾವಳಿ ಸಂಚಿಕೆಗಳು, ಒಂದನ್ನೂ ಬಿಡಲಿಲ್ಲ. ಆ ವಾಕ್ಯ ಎಲ್ಲಿಯೂ ಇರಲಿಲ್ಲ. ಶಾಲೆ ತೆರೆದ ದಿನ ಇಂದುಮತಿಯನ್ನು ಸ್ಟಾಫ್ ರೂಮಿಗೆ ಕರೆದು, ಬಾಗಿಲು ಹಾಕಿ, "ನನ್ನಿಂದ ತಪ್ಪಾಯಿತು" ಎಂದೆ. "ಸರಿ ಟೀಚರ್" ಎಂದಳು. ಲೆಕ್ಕ ತೀರಿತೆಂದು ನಾನು ಭಾವಿಸಿದೆ. ಮಕ್ಕಳ ಮುಂದೆ ಶಿಕ್ಷಕಿ ತಪ್ಪೊಪ್ಪಿಕೊಂಡರೆ ಶಾಲೆಯಲ್ಲಿ ಶಿಸ್ತು ಉಳಿಯುವುದಿಲ್ಲ ಎಂಬುದು ಆಗ ನನ್ನ ದೃಢ ನಂಬಿಕೆಯಾಗಿತ್ತು. ಶಿಸ್ತು ಉಳಿಯಿತು. ಹುಡುಗಿ ನಕಲು ಇಂದು ಆದಳು, ದೊಡ್ಡವಳಾಗಿ ಅಪ್ಪನ ಶೆಡ್ಡು ನಡೆಸತೊಡಗಿದ ಮೇಲೆ ಅದು ನಕಲು ಶೆಡ್ಡಾಯಿತು, ಅಲ್ಲಿ ಹಾಕುವ ಸಾಮಾನೆಲ್ಲ ನಕಲಿಯೆಂದು ಜನ ಬ್ರೇಕ್ ಕೆಲಸವನ್ನು ಮಾತ್ರ ಬೇರೆ ಕಡೆ ಮಾಡಿಸತೊಡಗಿದರು. ಆ ದಿನದಿಂದ ಅವಳು ಬಯಲಿನಲ್ಲಿ ಒಂದು ಮಾತೂ ಆಡಿದ್ದಿಲ್ಲ. ಬೀದಿಯಲ್ಲಿ ಎದುರಾದರೆ ಕೈ ಮುಗಿಯುತ್ತಿದ್ದಳು, ಅಷ್ಟೇ. ಅದನ್ನು ನಾನು ವಿನಯವೆಂದು ತಿಳಿದಿದ್ದೆ.

ಮಾರನೆಯ ದಿನ ಬೆಳಿಗ್ಗೆ ಶೆಡ್ಡಿಗೆ ಹೋದೆ. ಅವಳಿಗೀಗ ನಲವತ್ತೊಂದು. ಸೆರಗನ್ನು ಸೊಂಟಕ್ಕೆ ಬಿಗಿದು, ಕೂದಲಿಗೆ ಹಳೆಯ ಟವೆಲ್ ಸುತ್ತಿ, ಕೂಪೆಯ ಬಾಗಿಲು ಒರೆಸುತ್ತಿದ್ದಳು. ಎರಡು ಕಾರುಗಳೂ ಅಕ್ಕಪಕ್ಕ ನಿಂತಿದ್ದವು: ಕೂಪೆ ಕುಂಕುಮದ ಕೆಂಪು, ಹಿಂದಕ್ಕೆ ಇಳಿದುಬಂದ ಗಟ್ಟಿ ಸೂರು, ಇನ್ನೊಂದು ಹಾಲಿನ ಕೆನೆಯ ಬಣ್ಣ, ಮೇಲೆ ಕಪ್ಪು ಬಟ್ಟೆ. ಎರಡಕ್ಕೂ ಎರಡೇ ಬಾಗಿಲು, ನೆಲಕ್ಕೆ ಹತ್ತಿದಂತಹ ಮೈ. ನಾನು ಬಾಗಿ, ಹಿಂಬದಿಯ ಹಿತ್ತಾಳೆ ತಗಡು ಓದಿದೆ. "ಇಂದುಮತಿ ವೀರಭದ್ರಾಚಾರಿ ಕಟ್ಟಿದ್ದು." ಅಕ್ಷರಗಳು ದುಂಡಗಿದ್ದವು, ಒತ್ತಕ್ಷರ ಸರಿಯಾಗಿ ಕೂತಿತ್ತು. ಅದು ನಾನು ತಿದ್ದಿಸಿದ ಅಕ್ಷರ.

"ಓಡಿಸಿ ನೋಡಿ ಟೀಚರ್. ಮೊದ್ಲು ಕೂಪೆ" ಎಂದಳು. ಪಕ್ಕದಲ್ಲಿ ತಾನೂ ಕೂತಳು.

ಕೂಪೆಯ ಬಾಗಿಲು ಹಾಕಿದಾಗ ಒಡವೆ ಪೆಟ್ಟಿಗೆ ಮುಚ್ಚಿದಂಥ ಸದ್ದು. ಪೇಟೆಯ ನಡುವೆ ಕೊಡೆಗಳ ಸಾಲು ಸೀಳಿಕೊಂಡು ಹೋದೆವು. ಜನ ನಿಂತು ನೋಡಿದರು. ನನಗೆ ಎದೆಯುಬ್ಬಿತು, ಸುಳ್ಳು ಹೇಳಲಾರೆ. ಈ ಊರಿನ ಬೀದಿಯಲ್ಲಿ ಕೊಡೆಯಿಲ್ಲದೆ, ಚಲಿಸುತ್ತಲೇ ಬೇಕಾದ್ದು ಆಡಬಹುದಾದ ಜಾಗವೆಂದರೆ ಮುಚ್ಚಿದ ಕಾರು. ಆ ಸುಖದಲ್ಲಿ ನನಗೂ ಮಾತು ಬಂದಿತು.

"ಇಂದುಮತಿ, ಅವತ್ತು ಸ್ಟಾಫ್ ರೂಮಿನಲ್ಲಿ ನಾನು ತಪ್ಪಾಯಿತು ಎಂದಿದ್ದೆ. ನೆನಪಿದೆಯೇನಮ್ಮ?"

"ನೆನಪಿದೆ ಟೀಚರ್. ಮೇಲೆ ಹೆಂಚಿತ್ತು."

ನಾನು ಗೇರು ತಪ್ಪಿಸಿದೆ. ಅವಳು ನನ್ನ ಕೈ ಮೇಲೆ ಕೈಯಿಟ್ಟು ಸರಿಯಾದ ಗೇರಿಗೆ ಹಾಕಿಕೊಟ್ಟಳು.

"ಒಂದು ಹೆಂಚು ಒಡೆದಿತ್ತು, ಮೂಲೇಲಿ" ಎಂದಳು, ರಸ್ತೆ ನೋಡುತ್ತ. "ನೀವು ಹೇಳ್ತಾ ಇದ್ರಿ, ನಾನು ಅದನ್ನೇ ನೋಡ್ತಿದ್ದೆ. ಅಷ್ಟು ಸಂದೀಲಿ ಮಾತು ಆಚೆ ಹೋದ್ರೂ ಹೋಗ್ಬಹುದೇನೋ ಅಂತ. ಹೋಗ್ಲಿಲ್ಲ. ಸಂಜೆ ಮನೆಗೆ ಹೋದಾಗ ನಮ್ಮಪ್ಪನ್ನ ಕೇಳ್ದೆ, ಏನಾದ್ರೂ ಕೇಳಿಸ್ತಾ ಅಂತ. ಏನೂ ಇಲ್ವಲ್ಲ ಮಗಳೇ ಅಂದ್ರು. ಸಾಯೋತನಕ ನಮ್ಮಪ್ಪ ಹೇಳ್ತಿದ್ದಿದ್ದು ಒಂದೇ, ನಕಲು ಮಾಡಿದ್ರೆ ಏನಾಯ್ತು ಬಿಡು, ಚಿಕ್ಕ ಹುಡ್ಗಿ ನೀನು ಅಂತ. ನಾನು ಮಾಡ್ಲಿಲ್ಲಪ್ಪ ಅಂದ್ರೆ, ಸರಿ ಬಿಡು ಅಂತಿದ್ರು."

"ಟೀಚರ್ ಒಪ್ಪಿಕೊಂಡರು ಎಂದು ನೀನೇ ಹೇಳಬಹುದಿತ್ತಲ್ಲ."

"ಬಯಲಲ್ಲಿ ಹೇಳಿದ್ದು ಟೀಚರು, ಒಳಗಡೆ ಹೇಳೋದು ನಕಲು ಇಂದು. ಯಾರ ಮಾತು ನಿಲ್ಲುತ್ತೆ ನೀವೇ ಹೇಳಿ" ಎಂದು ಸ್ವಲ್ಪ ನಕ್ಕಳು. ಆಮೇಲೆ, "ಈ ಕೂಪೆನೇ ತಗೊಳ್ಳಿ. ನಿಮಗೆ ಸರಿಹೋಗುತ್ತೆ. ಆಡಿದ ಮಾತೆಲ್ಲ ಭದ್ರವಾಗಿರುತ್ತೆ" ಎಂದಳು.

ವ್ಯಂಗ್ಯವೋ ಸಲಹೆಯೋ ತಿಳಿಯಲಿಲ್ಲ. ಎರಡೂ ಇರಬೇಕು. ಮೂವತ್ತೆಂಟು ವರ್ಷ ಸತ್ಯ, ನ್ಯಾಯ ಎಂದು ಕಪ್ಪು ಹಲಗೆಯ ಮೇಲೆ ಬರೆದ ಕೈ ನನ್ನದು. ಆ ಕೈಯಲ್ಲೇ ಸ್ಟೀರಿಂಗ್ ತಿರುಗಿಸಿ ಶೆಡ್ಡಿನ ದಾರಿ ಹಿಡಿದೆ. ನನಗೆ ಸಿಟ್ಟು ಬಂದಿತು, ಅದೂ ನನ್ನ ಮೇಲೆ. ಬೇರೆಯವರ ಮೇಲೆ ಸಿಟ್ಟಾಗಿ ರೂಢಿಯಿದ್ದ ನನಗೆ ಅದನ್ನು ಎಲ್ಲಿ ಇಡಬೇಕೆಂದು ತೋಚಲಿಲ್ಲ.

ಶೆಡ್ಡಿಗೆ ಮರಳಿದಾಗ ಫಾಲಾಕ್ಷ ಸ್ಕ್ರೂಡ್ರೈವರ್ ಹಿಡಿದು ಕಾಯುತ್ತಿದ್ದ. "ಹೆಂಗಿದೆ ಟೀಚರ್, ಕೂಪೆ? ಒಪ್ಪಿಗೆ ತಾನೆ? ಹಂಗಾದ್ರೆ ತಗಡು ಬಿಚ್ಚಿಬಿಡ್ತೀನಿ" ಎಂದು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಇಂದುಮತಿ ತಿರುಗಿ, ಕಾರು ಒರೆಸುವ ಬಟ್ಟೆ ಹಿಂಡತೊಡಗಿದಳು. ಅದರಲ್ಲಿ ನೀರೇ ಇರಲಿಲ್ಲ.

"ಏಳು ಫಾಲಾಕ್ಷ. ನನಗೆ ಇನ್ನೊಂದು ಕಾರು ಬೇಕು" ಎಂದೆ.

"ಬಟ್ಟೆ ಟಾಪಿಂದಾ? ಬಟ್ಟೆ ವ್ಯಾಪಾರದವನು ಹೇಳ್ತೀನಿ ಕೇಳಿ ಟೀಚರ್, ಬಟ್ಟೆ ನಂಬಬೇಡಿ."

"ಬಟ್ಟೆಯನ್ನು ನಂಬುತ್ತಿಲ್ಲ. ಮಡಚಲು ಬರುತ್ತದೆ ಎಂದೆಯಲ್ಲ, ಅದನ್ನು ನಂಬುತ್ತಿದ್ದೇನೆ. ಇಂದುಮತಿ, ಸೂರು ಮಡಚು."

ಅವಳು ಗಾಜಿನ ಮೇಲಿನ ಎರಡು ಕೊಂಡಿ ಬಿಚ್ಚಿ, ಚೌಕಟ್ಟನ್ನು ಎತ್ತಿ, ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಹಿಂದಕ್ಕೆ ಒರಗಿಸಿದಳು. ಆ ಕೈಗಳಿಗೆ ಆತುರವಿರಲಿಲ್ಲ. "ಮೇಲಿನ ಟಾಪು ಇಲ್ದಿದ್ರೆ ಗಾಡಿ ಮೈ ಬಗ್ಗಿಬಿಡುತ್ತೆ ಟೀಚರ್. ಅದಕ್ಕೆ ಕೆಳಗಡೆ ಉಕ್ಕಿನ ಪಟ್ಟಿ ಎರಡು ಜಾಸ್ತಿ ಹಾಕಿದೀನಿ. ಯಾರಿಗೂ ಕಾಣಲ್ಲ" ಎಂದಳು. ಹನ್ನೆರಡನೆಯ ವಯಸ್ಸಿನಲ್ಲಿ ಬರೆದ ಕಾರನ್ನು ಅವಳು ಕಟ್ಟಿ ನಿಲ್ಲಿಸಿದ್ದಳು. ಕೊಳ್ಳುವವರಿಲ್ಲದ ಊರಿನಲ್ಲಿ, ಮೂರು ವರ್ಷ ಕೂತು.

ಪಕ್ಕದಲ್ಲಿ ಕೂರಲು ಕರೆದರೆ ಒಲ್ಲೆನೆಂದಳು. "ನೀವೊಬ್ರೇ ಹೋಗಿ. ಟಾಪಿಲ್ದೆ ನಾನು ಆಚೆ ಬರಲ್ಲ." ಗೇರು ಗಟ್ಟಿಯಿದೆ, ನನ್ನಿಂದಾಗದು ಎಂದೆ. ಅದು ನಿಜವೂ ಆಗಿತ್ತು. ಕೂತಳು; ಕೂತು ತುಟಿ ಬಿಗಿದಳು.

ಶೆಡ್ಡಿನ ಸೂರಂಚಿನ ನೆರಳು ನೆಲದ ಮೇಲೆ ಗೆರೆ ಎಳೆದಿತ್ತು. ಕಾರಿನ ಮೂತಿ ಅದನ್ನು ದಾಟಿತು, ಆಮೇಲೆ ಗಾಜು, ಆಮೇಲೆ ನಮ್ಮ ತಲೆಗಳು. ಬಿಸಿಲು ನೆತ್ತಿಗೆ ಬಿದ್ದಿತು. ಶಾಲೆಯ ಮೈದಾನದವರೆಗೆ ಹೋಗಿ, ಆಡಿದ ಜಾಗದಲ್ಲೇ ಆಡಬೇಕೆಂದು ಯೋಚಿಸಿದ್ದೆ. ಆದರೆ ನನ್ನನ್ನು ನಾನು ಬಲ್ಲೆ. ಮುಂದಿನ ತಿರುವಿನಲ್ಲಿ ನನ್ನ ಮನಸ್ಸು ಒಂದು ಒಳ್ಳೆಯ ನೆಪವನ್ನು ವ್ಯಾಕರಣಬದ್ಧವಾಗಿ ಹೊಸೆದಿರುತ್ತಿತ್ತು. ಅಲ್ಲಿಯೇ ಬ್ರೇಕ್ ಒತ್ತಿದೆ. ನಕಲು ಶೆಡ್ಡಿನ ಬ್ರೇಕು ಕಾರನ್ನು ನಿಂತ ನೀರಿನಂತೆ ನಿಲ್ಲಿಸಿತು.

"ನಾನು ಕಮಲಾಕ್ಷಮ್ಮ" ಎಂದೆ. "ಇಪ್ಪತ್ತೊಂಬತ್ತು ವರ್ಷದ ಹಿಂದೆ ಪ್ರಾರ್ಥನೆಯ ಮೈದಾನದಲ್ಲಿ, ವೀರಭದ್ರಾಚಾರಿಯವರ ಮಗಳು ಇಂದುಮತಿ ನಕಲು ಮಾಡಿದಳು ಎಂದು ಹೇಳಿದ್ದೆ. ಅದು ಸುಳ್ಳು. ಸುಳ್ಳೆಂದು ನನಗೆ ಮೂರು ತಿಂಗಳಲ್ಲಿ ತಿಳಿಯಿತು. ತಿಳಿದ ಮೇಲೂ ಬಯಲಿನಲ್ಲಿ ಹೇಳಲಿಲ್ಲ. ಮೊದಲನೆಯದು ನನ್ನ ತಪ್ಪು, ಎರಡನೆಯದು ನನ್ನ ಅಪರಾಧ. ಆ ವಾಕ್ಯ ಅವಳದು. ಊರು ಅದನ್ನು ಪೂರ್ತಿ ಕೇಳಿಸಿಕೊಳ್ಳಲಿ: ಸೂರು ಮಡಚಿದ ಕಾರು, ರುಮಾಲು ಕಳಚಿ ಕೈಯಲ್ಲಿ ಹಿಡಿದ ದೊಡ್ಡ ಮನುಷ್ಯನಂತೆ ಚಿಕ್ಕವರಿಗೂ ಮುಖ ತೋರಿಸುತ್ತದೆ. ನಾನು ಈಗ ಕೂತಿರುವ ಕಾರನ್ನು ಕಟ್ಟಿದವಳೂ ಅವಳೇ. ಹಿಂದೆ ಹಿತ್ತಾಳೆ ತಗಡಿನಲ್ಲಿ ಹೆಸರಿದೆ, ಬಂದು ಓದಿಕೊಳ್ಳಿ. ಅವಳು ನನ್ನ ವಿದ್ಯಾರ್ಥಿನಿ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಹೇಳಿಕೊಳ್ಳುವ ಹಕ್ಕಿದೆಯೋ ಇಲ್ಲವೋ ಅವಳೇ ಹೇಳಬೇಕು."

ಮಜ್ಜಿಗೆಯ ಸಿದ್ದಮ್ಮ ರಸ್ತೆಯಾಚೆ ಗಡಿಗೆ ಇಳಿಸಿ ನಿಂತಿದ್ದಳು. ಅವಳು ಮೊದಲು ಕೊಡೆ ಮಡಚಿದಳು. ಅವಳ ಹಿಂದೆ ಒಬ್ಬರು, ಕೊನೆಯ ಅಂಗಡಿಯ ಬಳಿ ಇಬ್ಬರು, ಆಮೇಲೆ ಬೀದಿಯುದ್ದಕ್ಕೂ ಪಟಪಟನೆ ಆ ಸದ್ದು. ಎಲ್ಲರೂ ಅಲ್ಲ. ನನಗಿಂತ ಹಿರಿಯರಾದ ಹಳೆಯ ಹೆಡ್‌ಮಾಸ್ಟರು ತಮ್ಮ ಕೊಡೆಯನ್ನು ಇನ್ನಷ್ಟು ಕೆಳಗಿಳಿಸಿಕೊಂಡು ಮುಂದೆ ನಡೆದರು. ಶಿಸ್ತು ಹಾಳಾಯಿತೆಂದು ಅವರಿಗನಿಸಿರಬೇಕು. ಅನಿಸಲಿ. ಬೆನ್ನ ಹಿಂದಿನಿಂದ ಇನ್ನೊಂದು ದನಿ ಬಂದಿತು: "ನಾನು ಫಾಲಾಕ್ಷ. ತಗಡು ಅಲ್ಲೇ ಇರುತ್ತೆ." ತಿರುಗಿ ನೋಡಿದರೆ ಅವನು ಸೂರಂಚಿನ ಗೆರೆಯಿಂದ ಎರಡು ಹೆಜ್ಜೆ ಈಚೆ ನಿಂತಿದ್ದ, ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಏಳನೆಯ ತರಗತಿಯ ಹುಡುಗನ ಹಾಗೆ.

ಇಂದುಮತಿ ಮುಂದೆ ನೋಡುತ್ತಲೇ ಕೂತಿದ್ದಳು. "ನಾನು ಇಂದುಮತಿ" ಎಂದಳು. ಊರು ಆ ದನಿಯನ್ನು ಬಯಲಿನಲ್ಲಿ ಕೇಳಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಹೆಂಗಸಿನ ದನಿಯಾಗಿ ಕೇಳಿದ್ದು ಅದೇ ಮೊದಲು. "ಟೀಚರ್ ಹೇಳಿದ್ದು ಕೇಳಿಸ್ತು. ಹಕ್ಕು ಇದೆ. ಆದ್ರೆ ಇಷ್ಟು ವರ್ಷ ಯಾಕೆ ಬೇಕಾಯ್ತು ಅನ್ನೋದನ್ನ ಒಳಗೆ ಹೋದ್ಮೇಲೆ ಕೇಳ್ತೀನಿ. ಈಗ ಕ್ಲಚ್ ಒತ್ತಿ ಟೀಚರ್, ಪೂರ್ತಿ ಒತ್ತಿ, ಅರ್ಧಂಬರ್ಧ ಒತ್ತಿದ್ರೆ ನನ್ನ ಗೇರ್‌ಬಾಕ್ಸ್ ಹಾಳಾಗುತ್ತೆ."

ಊರೆಲ್ಲ ಕೇಳಿಸಿಕೊಂಡಿತು. ಸಿದ್ದಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾನು ಕ್ಲಚ್ಚನ್ನು ಪೂರ್ತಿ ಒತ್ತಿದೆ. ಆ ದಿನ ಊರಿನ ಎಲ್ಲ ಬೀದಿಗಳಲ್ಲೂ ಕಾರು ಓಡಿಸಿದೆ, ತಲೆಯ ಮೇಲೆ ಏನೂ ಇಲ್ಲದೆ, ನನ್ನ ವಿದ್ಯಾರ್ಥಿನಿಯಿಂದ ದಾರಿಯುದ್ದಕ್ಕೂ ಬೈಸಿಕೊಳ್ಳುತ್ತ. ಯಾವ ಸನ್ಮಾನದಲ್ಲೂ ನಾನು ಅಷ್ಟು ನೆಟ್ಟಗೆ ಕೂತಿರಲಿಲ್ಲ.

ಸಂಜೆ ಶೆಡ್ಡಿನೊಳಗೆ ಅವಳು ಆ ಪ್ರಶ್ನೆ ಕೇಳಿದಳು. ನಾನು ಉತ್ತರ ಕೊಟ್ಟೆ. ಅದು ಸೂರಿನ ಕೆಳಗಿನ ಮಾತು, ನಿಮಗೆ ಹೇಳುವುದಿಲ್ಲ.

ನಿಮ್ಮ ಊರಿನಲ್ಲಿ ಮಾತು ಹೀಗೆ ತಾನಾಗಿ ಹರಡುವುದಿಲ್ಲವೆಂದು ಬಲ್ಲೆ. ಆದ್ದರಿಂದ ನಿಮ್ಮ ಕೆಲಸ ನನ್ನದಕ್ಕಿಂತ ಕಷ್ಟ: ನೀವು ಕಾಲು ಸವೆಸಬೇಕು, ಅಂದು ಕೇಳಿಸಿಕೊಂಡವರೆಲ್ಲರ ಬಾಗಿಲಿಗೆ ಹೋಗಬೇಕು. ಯಾರ ಹೆಸರು ಎಂದು ನಾನು ಹೇಳಬೇಕಾಗಿಲ್ಲ. ಮೊದಲ ಸಾಲು ಓದಿದಾಗಲೇ ಅದು ನಿಮ್ಮ ನೆನಪಿಗೆ ಬಂದಿದೆ. ಪುಸ್ತಕ ಮುಚ್ಚಿ, ಎದ್ದು ಹೊಸಿಲು ದಾಟಿ. ಮೊದಲು ನಿಮ್ಮ ಹೆಸರು ಹೇಳಿ. ಆಮೇಲೆ ಅವರದನ್ನು ಹೇಳಿ, ಎಲ್ಲರಿಗೂ ಕೇಳಿಸುವಂತೆ.